ಸರಕಾರಿ ಮೊಗ್ಗು

ಎಕ್ಸ್‌-ರೇ ವಿಭಾಗದವರೆಲ್ಲ ಸೀಸದ ಅಂಗಿಯ ಒಳಗೆ, ಎದೆಯ ಮೇಲೆ, ಒಂದು ಸರಕಾರಿ ಮೊಗ್ಗು ಸಿಕ್ಕಿಸಿಕೊಳ್ಳಬೇಕಿತ್ತು. ವಿಕಿರಣ ತಾಗಿದಷ್ಟೂ ಬಿಳಿ ಮೊಗ್ಗು ಕೆಂಪಾಗುತ್ತಿತ್ತು. ಮೂರು ತಿಂಗಳಿಗೊಮ್ಮೆ ತಪಾಸಣೆ. ಎಲ್ಲರಿಗಿಂತ ಕೆಂಪಾದವರಿಗೆ ಒಂದು ತಿಂಗಳು ಕಡಲ ತೀರದಲ್ಲಿ ವಿಶ್ರಾಂತಿ.

ಕಳೆದ ನಾಲ್ಕು ಸಲವೂ ಕಡಲು ಕಂಡವಳು ದಮಯಂತಿ. ಕಾತ್ಯಾಯಿನಿಯದೂ ಅದೇ ಕೋಣೆ, ಅದೇ ಯಂತ್ರ, ಅಷ್ಟೇ ರೋಗಿಗಳು!

"ಪಾಪ, ದಮಯಂತಿ ಜೀವ ತೇಯ್ತಾಳೆ. ನಿಂದು ನೋಡಮ್ಮ, ಈಗ ತಾನೇ ಗಿಡದಿಂದ ಕಿತ್ತ ಹಾಗಿದೆ," ಎಂದು ಹೋದ ತಪಾಸಣೆಯಲ್ಲಿ ಮೊಗ್ಗು ಪರೀಕ್ಷಿಸುವ ರಾಜಮ್ಮ ಮೇಡಂ ಅಂದದ್ದು ನೆನಪಾದಾಗಲೆಲ್ಲ ಕಾತ್ಯಾಯಿನಿಗೆ ಹೊಟ್ಟೆ ಉರಿಯುತ್ತಿತ್ತು.

ಈ ಸಲದ ತಪಾಸಣೆಗೆ ವಾರವಿರುವಾಗ, ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ, ಅವಳು ತನ್ನ ಮೊಗ್ಗು ಬಿಚ್ಚಿಕೊಂಡು ಎಕ್ಸ್‌-ರೇ ಕೋಣೆಗೆ ನುಸುಳಿದಳು. ಯಂತ್ರದ ಎದುರಿಗೇ ಗೋಡೆಯ ಕ್ಯಾಲೆಂಡರು. ಅದರ ಹಿಂದೆ ತೂಗುಹಾಕಿದರೆ ಯಾರಿಗೆ ಕಂಡೀತು?

ಕ್ಯಾಲೆಂಡರು ಎತ್ತಿದಳು. ಮೊಳೆಯಲ್ಲಿ ಆಗಲೇ ಒಂದು ಮೊಗ್ಗು ತೂಗುತ್ತಿತ್ತು, ದಾಳಿಂಬೆ ಕಾಳಿನಷ್ಟು ಕೆಂಪಗೆ. ದಾರದ ಚೀಟಿಯಲ್ಲಿ ದಮಯಂತಿಯ ಹೆಸರು.

"ಥೂ, ಹಾಳಾದವಳು! ಇದರಲ್ಲೂ ನನಗಿಂತ ಮುಂದೆ!"

ಬೈಯುತ್ತಲೇ ಅದೇ ಮೊಳೆಗೆ, ಅವಳದ್ದಕ್ಕಿಂತ ಒಂದು ಬೆರಳು ಮುಂದೆ, ತನ್ನದನ್ನೂ ಸಿಕ್ಕಿಸಿದಳು.