ಒಂದನೇ ನಂಬರಿನ ಸುಸಲಾ

ಕೊನೆಯ ಪಾಯಿಂಟಿಗೆ ಮಲ್ಲಿನಾಥ ಸರ್ ಹೊಡೆದ ಮೊದಲ ಸರ್ವಿಸ್ ನೆಟ್ಟಿಗೆ ಬಡಿಯಿತು. ಎರಡನೆಯದು ಬೇಲಿ ದಾಟಿ ಪಕ್ಕದ ಹತ್ತಿ ಹೊಲಕ್ಕೆ ಬಿತ್ತು. “ಗೆದ್ರಿ ಸಿದ್ದಣ್ಣ, ಗೆದ್ರಿ!” ಎಂದು ಸೋತವರೇ ಓಡಿ ಬಂದು ಅಮೋಘಸಿದ್ದನ ಕೈ ಕುಲುಕಿದರು. ಶಹಾಪುರದ ಈ ಟೆನಿಸ್ ಕ್ಲಬ್ಬಿನಲ್ಲಿ ಆರು ವರ್ಷ ಒಂದನೇ ನಂಬರನ್ನು ಯಾರಿಗೂ ಬಿಟ್ಟುಕೊಡದ ಮನುಷ್ಯ ಅವರು.

ಕಂಬಳಿ ಅಂಗಡಿಯ ಅಮೋಘಸಿದ್ದನಿಗೆ ಕಣ್ಣು ತುಂಬಿ ಬಂತು. ಕ್ಲಬ್ಬಿನ ಗೋಡೆಗೊಂದು ಏಣಿ ಒರಗಿಸಿದೆ. ಅದರ ಹನ್ನೆರಡು ಮೆಟ್ಟಿಲಿಗೆ ಹನ್ನೆರಡು ಹೆಸರಿನ ಹಲಗೆ. ತನಗಿಂತ ಒಂದೋ ಎರಡೋ ಮೆಟ್ಟಿಲು ಮೇಲಿದ್ದವನಿಗೆ ಸವಾಲು ಹಾಕಬೇಕು. ಗೆದ್ದರೆ ಇಬ್ಬರ ಹಲಗೆ ಅದಲುಬದಲು. ಎರಡು ವರ್ಷ ಇವನದು ತಳದಲ್ಲೇ ಇತ್ತು. ಅವಮಾನವನ್ನಾದರೂ ನುಂಗಿಕೊಳ್ಳಬಹುದಿತ್ತು, ಆದರೆ ಕೊನೆಯ ಮೆಟ್ಟಿಲಿನವನು ಪ್ರತಿ ರವಿವಾರ ಎಲ್ಲರಿಗೂ ನಾಷ್ಟಾ ತರಬೇಕೆಂಬ ರಿವಾಜು ಬೇರೆ. ಸೋಲುವವನು ಇವನು, ನಸುಕಿನಲ್ಲೆದ್ದು ಹನ್ನೆರಡು ಮಂದಿಗೆ ಮಂಡಕ್ಕಿ, ಅಂದರೆ ಚುರುಮುರಿ ತೋಯಿಸಿ ಒಗ್ಗರಣೆ ಹಾಕಿ ಸುಸಲಾ ಮಾಡುವವಳು ಹೆಂಡತಿ ಗುರುಲಿಂಗಮ್ಮ.

“ಒಂದ್ ರವಿವಾರನಾರ ಬಿಸಲೇರೂತನಕ ಮಲಗಬೇಕಂತ ಆಸೆ ಅದ ನನಗ. ಒಂದ್ ಮೆಟ್ಟಲ ಏರಾಕ ಆಗಲ್ಲೇನ್ರಿ ನಿಮಗ?” ಎಂದಿದ್ದಳು. ಆ ಮಾತು ನಾಟಿತು. ಮೂರು ವಾರದ ಹಿಂದೆ ಗೊಬ್ಬರದಂಗಡಿಯ ಭಾಗಣ್ಣನನ್ನು ಬೆವರು ಸುರಿಸಿ ಸೋಲಿಸಿಯೇಬಿಟ್ಟ. ನಿಜವಾಗಿ ಗೆದ್ದದ್ದು ಅದೊಂದೇ.

ಮರುದಿನ ತಳಕ್ಕಿಳಿದ ಭಾಗಣ್ಣ ಬೇಕರಿಯ ಖಾರಾ ಬಿಸ್ಕೀಟು ತಂದ. ಎಲ್ಲರೂ ಅದನ್ನು ಅಗಿಯುತ್ತ, ಗುರುಲಿಂಗಮ್ಮನ ಸುಸಲಾ ನೆನೆದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲೇ ಮೀಟಿಂಗು ನಡೆದು, ನಾಷ್ಟಾ ತರುವ ಮಾನ ಇನ್ನು ಮುಂದೆ ಒಂದನೇ ನಂಬರಿನವರದು ಎಂದು ಠರಾವಾಯಿತು. ಒಂದನೇ ನಂಬರು ತನಗೆ ಯಾವ ಜನ್ಮಕ್ಕೆ ಎಂದುಕೊಂಡು ಅಮೋಘಸಿದ್ದನೂ ಕೈ ಎತ್ತಿದ್ದ. ಅಲ್ಲಿಂದ ಅವನು ಯಾರಿಗೆ ಸವಾಲು ಹಾಕಿದರೂ ಗೆಲುವೇ. ಒಂಬತ್ತನೆಯವನಿಗೆ ಕಾಲು ಉಳುಕಿತು. ಏಳನೆಯವನಿಗೆ ಬಿಸಿಲು ಕಣ್ಣಿಗೆ ಹೊಡೆಯಿತು, ಅದೂ ಮೋಡ ಕವಿದ ದಿನ. ನಡುವಿನ ಎರಡು ರವಿವಾರ ಮಲ್ಲಿನಾಥ ಸರ್ ಹೋಟೆಲಿನ ಇಡ್ಲಿ ತರಿಸಿದರು. ಪಾಪ, ಇವನು ತನ್ನ ಆಟವೇ ಸುಧಾರಿಸಿದೆ ಎಂದು ನಂಬಿ, ಠರಾವು ತನ್ನ ಕಡೆಗೇ ಬರುತ್ತಿದೆ ಎಂಬುದನ್ನು ಮರೆತೇಬಿಟ್ಟ.

ಈಗ ಭಾಗಣ್ಣ ಏಣಿಯ ತುದಿಗೆ ಅವನ ಹಲಗೆಯಿಟ್ಟು ನಾಲ್ಕು ಮೂಲೆಗೂ ಮೊಳೆ ಬಡಿದ. “ಇನ್ನ ನಿಮ್ಮನ್ನ ಯಾರೂ ಕೆಳಗ ಇಳಸಂಗಿಲ್ಲ ಸಿದ್ದಣ್ಣ. ನಾಳಿ ರವಿವಾರ, ಸುಸಲಾದಾಗ ಶೇಂಗಾ ಜರಾ ಜಾಸ್ತಿ ಇರ್ಲಿ.” ಅಮೋಘಸಿದ್ದನಿಗೆ ಠರಾವು ಆಗ ನೆನಪಾಯಿತು.

ಮನೆಯಲ್ಲಿ ಗುರುಲಿಂಗಮ್ಮ ಬಾಗಿಲಲ್ಲೇ ಕಾದಿದ್ದಳು. “ಎಷ್ಟ್ ಮೆಟ್ಟಲ ಏರಿದ್ರಿ?”

“ಎಲ್ಲಾ ಏರೀನಿ. ಒಂದನೇ ನಂಬರ್.”

“ಹಂಗಾರ ನಾಳಿನೂ ನಾ ಮಲಗಬೌದಲ್ರಿ!” ಎಂದಳು. ಅವಳ ಮುಖ ಅರಳಿತು. ಅವನು ನೆಲ ನೋಡುತ್ತ ಠರಾವು ಹೇಳಿದ. ಅವಳಿಗೆ ಸಿಟ್ಟು ಬರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು.

“ಒಂದನೇ ನಂಬರ್ ಯಾರ್ರಿ?”

“ನಾನ.”

“ನಾಷ್ಟಾ ತರೂ ಮಾನ ಯಾರದು?”

“ಒಂದನೇ ನಂಬರಿಂದು.”

“ಹಂಗಿದ್ದ ಮ್ಯಾಲ ನಿಮ್ಮ ಮಾನ ನಾ ಯಾಕ ಕಸಗೊಳ್ಳಲಿ?” ಎಂದು ಚುರುಮುರಿಯ ಚೀಲ ತೋರಿಸಿ ಒಳಗೆ ಹೋದಳು.

ರವಿವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಗಂಜಿಯಂಥದ್ದೇನೋ ಇತ್ತು. ತೋಯಿಸಿದ ಕೂಡಲೇ ಹಿಂಡಬೇಕಾದ ಚುರುಮುರಿಯನ್ನು ಅಮೋಘಸಿದ್ದ ನೀರಲ್ಲೇ ಬಿಟ್ಟು ಪೂರಾ ಪೇಪರ್ ಓದಿ ಮುಗಿಸಿದ್ದ. ಮಲ್ಲಿನಾಥ ಸರ್ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ವೈನಿಯಾರಿಗೆ ಆರಾಮ ಇಲ್ಲೇನು?” ಭಾಗಣ್ಣ ಕೇಳಿದ.

“ಆರಾಮ ಅದಾಳ. ಮಲ್ಕೊಂಡಾಳ. ಇನ್ನ ಪ್ರತಿ ರವಿವಾರ ನಾನ ಮಾಡಾಂವ.”

ಭಾಗಣ್ಣ ತಟ್ಟೆ ಕೆಳಗಿಟ್ಟು, ಮೊಳೆ ಕೀಳುವ ಇಕ್ಕಳ ಹುಡುಕಲು ಎದ್ದ.