ರೆನಿಟಾಳಿಗೆ ಸಿಕ್ಕ ನೆರಳು

ನೆರಳಿಲ್ಲದವರಿಗೆ ಈ ನಾಡಿನಲ್ಲಿ ಕಾಯಂ ವಾಸವಿಲ್ಲ. ಸೆವ್ರಿನ್ ಮಂಗಳೂರಿನವಳೇ ಆದರೂ ಅವಳ ಮಗಳು ರೆನಿಟಾ ಹುಟ್ಟಿದ್ದು ಮಸ್ಕತ್‌ನಲ್ಲಿ. ಇಲ್ಲಿನ ಬಿಸಿಲಿಗೆ ಅವಳ ನೆರಳು ಬೀಳುತ್ತಿರಲಿಲ್ಲ. ಕೊನೆಗೂ ವಾಸದ ಪರವಾನಗಿ ಕೊಡುವ ಕಚೇರಿಯಲ್ಲಿ ಅವಳ ಪಾದಗಳಿಗೆ ನೆರಳೊಂದನ್ನು ಅಂಟಿಸಿದರು.

“ಹೊಸತಾ ಸರ್?” ಎಂದು ಸೆವ್ರಿನ್ ಕೇಳಿದಳು.

“ಹೊಸತು ಎಲ್ಲಿಂದ ಬರ್ತದೆ ಮಾರಾಯ್ರೆ? ತೀರಿಹೋದ ಮಕ್ಕಳದ್ದೇ ಕೊಡುವುದು. ಮೆಲ್ಲ ಹೊಂದಿಕೊಳ್ತದೆ,” ಎಂದ ಅಧಿಕಾರಿ.

ಇನ್ನು ಮಗಳನ್ನು ಯಾರೂ ವಾಪಸು ಕಳಿಸಲಾರರೆಂದು ಸೆವ್ರಿನ್‌ಳ ಕಣ್ಣು ತುಂಬಿತು.

ಹೊರಗೆ ಬಂದೊಡನೆ ರೆನಿಟಾ ಗಕ್ಕನೆ ನಿಂತಳು. “ಮಮ್ಮಿ, ಇದು ನನ್ನನ್ನು ಆಚೆ ಎಳೀತದೆ.”

ತಾಯಿ ಕೈ ಬಿಗಿಹಿಡಿದರೂ ಹುಡುಗಿಯ ಕಾಲುಗಳು ಓಣಿಯೊಂದಕ್ಕೆ ಹೊರಳಿ, ಗುರುತಿಲ್ಲದ ಮನೆಯೊಂದರ ಮುಂದೆ ನಿಂತವು. ಬಾಗಿಲು ತೆರೆದ ಹೆಂಗಸು ರೆನಿಟಾಳ ಮುಖ ನೋಡಲಿಲ್ಲ, ನೆಲದ ಮೇಲಿನ ನೆರಳು ನೋಡಿದಳು.

“ಇಷ್ಟು ತಡ ಯಾಕೆ ಮಗಾ? ಒಳಗೆ ಬಾ.”

ರೆನಿಟಾ ಮೆಲ್ಲಗೆ ತಾಯಿಯ ಕೈ ಬಿಡಿಸಿಕೊಂಡಳು.