ಪ್ಲಗ್ಗಿನ ಬಣ್ಣ

ಕುಮಾರಿ ತನ್ನ ರೇಸ್ ಬೈಕಿನ ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ತಂದು ಅಪ್ಪನ ಎದುರಿಗೆ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಹರವೆಯ ರೇಸಿನದೊಂದು, ಉಡಿಗಾಲದ್ದೊಂದು, ಹೋದ ತಿಂಗಳು ಗುಂಡ್ಲುಪೇಟೆಯಲ್ಲಿ ಓಡಿಸಿದ್ದೊಂದು. ಮೂರರ ತುದಿಯೂ ಕಾಡಿಗೆ ಮೆತ್ತಿದ ಹಾಗೆ ಕಪ್ಪಾಗಿತ್ತು. ಮೂರು ರೇಸಿನಲ್ಲೂ ಅವಳು ಒಂದು ಗಾಲಿಯಷ್ಟು ಅಂತರದಲ್ಲಿ ಎರಡನೆಯವಳಾಗಿದ್ದಳು.

ಬೀರಯ್ಯ ಬೇಗೂರಿನ ಹೆದ್ದಾರಿ ಬದಿಯ ಆ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷದಿಂದ ಟೂ ಸ್ಟ್ರೋಕ್ ಗಾಡಿಗಳನ್ನು ರೇಸಿಗೆ ಹದ ಮಾಡುತ್ತಿರುವವನು. ಪ್ಲಗ್ಗು ನೋಡಿ ಎಂಜಿನ್ನಿನ ಹೊಟ್ಟೆಯೊಳಗಿನ ಸಂಗತಿ ಹೇಳುವುದನ್ನು ಮಗಳಿಗೆ ಕಲಿಸಿದವನೂ ಅವನೇ. ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಎಂಜಿನ್ನು ಮಂಕು. ಬೆಳ್ಳಗಿದ್ದರೆ ಪೆಟ್ರೋಲೂ ಸಾಲದು, ಅದರ ಜೊತೆ ಹೋಗುವ ಆಯಿಲ್ಲೂ ಸಾಲದು. ಆಗ ಗಾಡಿ ಹಾರುತ್ತದೆ ನಿಜ, ಆದರೆ ಯಾವ ಗಳಿಗೆಯಲ್ಲಿ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಡುತ್ತದೋ ಹೇಳಲಾಗದು. ಎರಡರ ನಡುವೆ, ಹುರಿದ ಕಡಲೆಬೀಜದ ಸಿಪ್ಪೆಯ ಬಣ್ಣ ಬರಬೇಕು. ಅದು ಸರಿಯಾದ ಹದ.

ಬೀರಯ್ಯ ಪ್ಲಗ್ಗುಗಳ ಕಡೆ ನೋಡದೆ ಏನೇನೋ ಹೇಳಿದ. ಪೆಟ್ರೋಲೇ ಸರಿಯಿಲ್ಲ ಅಂದ, ಏರ್ ಫಿಲ್ಟರಿಗೆ ಧೂಳು ಹಿಡಿದಿರಬೇಕು ಅಂದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕುಮಾರಿ ಎಲ್ಲವನ್ನೂ ಕೇಳಿಸಿಕೊಂಡಳು.

"ಜೆಟ್ಟು ಎರಡು ನಂಬರ್ ದೊಡ್ಡದು ಆಕ್ಬುಟ್ಟಿದ್ದೀಯ ಕಣಪ್ಪ. ಅರವೆ ರೇಸ್ ಮುಗುದ್ ದಿನವೇ ಕಾರ್ಬೊರೇಟರ್ ಬುಚ್ಚಿ ನೋಡ್ದೆ."

ಜೆಟ್ಟೆಂದರೆ ಕಾರ್ಬೊರೇಟರಿನೊಳಗೆ ಕೂತು, ಪೆಟ್ರೋಲು ಎಷ್ಟು ಹೋಗಬೇಕೆಂದು ತೀರ್ಮಾನಿಸುವ, ತೂತಿರುವ ಹಿತ್ತಾಳೆ ಚೂರು. ಬೀರಯ್ಯ ಸ್ಪ್ಯಾನರ್ ಕೆಳಗಿಟ್ಟ.

"ನೋಡುದ್ಮೇಲೆ ನೀನೇ ಬದ್ಲಾಯಿಸ್ಕೊಬೋದಾಗಿತ್ತಲ್ಲ. ಐದ್ನಿಮಿಷದ ಕೆಲ್ಸ."

"ನೀ ಆಕಿದ್ದ ಕದ್ದು ತಗ್ಯಕೆ ಮನ್ಸು ಬರ್ನಿಲ್ಲ. ನೀನೇ ತಗೀತೀಯ ಅಂತ ಕಾದೆ."

ಶೆಡ್ಡಿನ ಗೋಡೆಯಲ್ಲಿ, ಮಾದಪ್ಪನ ಪಟದ ಕೆಳಗೆ, ತಂತಿಗೆ ಕಟ್ಟಿದ ಇನ್ನೊಂದು ಪ್ಲಗ್ಗು ನೇತಾಡುತ್ತಿತ್ತು. ಅದರ ತುದಿ ಸುಣ್ಣದಷ್ಟು ಬಿಳಿ. ಅದು ಕುಮಾರಿಯ ಅಣ್ಣ ಶಿವಸ್ವಾಮಿಯ ಗಾಡಿಯದು. ಏಳು ವರ್ಷದ ಹಿಂದೆ ಬೀರಯ್ಯ ಆ ಗಾಡಿಯನ್ನು ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ, ಇನ್ನೂ ಚೂರು ವೇಗ ಸಿಗಲಿ ಎಂದು ಸಣ್ಣ ಜೆಟ್ಟು ಕೂರಿಸಿದ್ದ. ರೇಸು ನಡೆದದ್ದು ಮಾರನೆಯ ಬೆಳಿಗ್ಗೆ, ಪುಷ್ಯ ಮಾಸದ ಚಳಿಯಲ್ಲಿ. ತಂಪು ಗಾಳಿ ದಟ್ಟ. ಬಿಸಿಲಿಗೆ ಸರಿಹೋದ ಪೆಟ್ರೋಲು ಅದಕ್ಕೆ ಸಾಲುವುದಿಲ್ಲ. ಈ ಕಸುಬು ಮಾಡುವ ಎಲ್ಲರಿಗೂ ಗೊತ್ತಿರುವ ಮಾತು. ಬೀರಯ್ಯನಿಗೂ ಗೊತ್ತಿತ್ತು, ಆವತ್ತು ಮಾತ್ರ ಮರೆತ. ನೇರ ದಾರಿಯಲ್ಲಿ ಎಂಜಿನ್ ಕಚ್ಚಿಕೊಂಡಿತು, ಮಗ ಉಳಿಯಲಿಲ್ಲ. ತಾನೇ ಕೊಂದೆ ಎಂಬ ಮಾತನ್ನು ಅವನು ಹೆಂಡತಿ ಚಿಕ್ಕನಿಂಗಮ್ಮನ ಹತ್ತಿರವೂ ಬಾಯಿಬಿಟ್ಟು ಆಡಿರಲಿಲ್ಲ.

ಭಾನುವಾರ ಚಾಮರಾಜನಗರದಲ್ಲಿ ರೇಸು ಇತ್ತು. ಕೊಯಮತ್ತೂರಿನ ತಂಡವೊಂದು ಬರುವುದಿತ್ತು, ಗೆದ್ದ ಹುಡುಗಿಯನ್ನು ಸೇರಿಸಿಕೊಳ್ಳುವುದಿತ್ತು. ಇಪ್ಪತ್ತೆರಡು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಕುಮಾರಿಗೆ ಮುಂದಿನ ತಿಂಗಳು ಇಪ್ಪತ್ತೆರಡು.

"ಬಾನ್ವಾರನೂ ಇದ್ರಲ್ಲೇ ಓಡ್ಸು ಅಂದ್ರೆ ಓಡುಸ್ತೀನಿ," ಎಂದಳು. "ಆದ್ರೆ ನನ್ ಮೊಕ ನೋಡಿ ಯೋಳು."

ಬೀರಯ್ಯನಿಗೆ ಮುಖ ಎತ್ತಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಇಬ್ಬರೂ ಮೈದಾನದಲ್ಲಿದ್ದರು. ಮಂಜು ಇನ್ನೂ ಕರಗಿರಲಿಲ್ಲ. ಬೀರಯ್ಯ ಆ ಚಳಿಯಲ್ಲೇ ಕುಕ್ಕರಗಾಲಲ್ಲಿ ಕೂತು ದೊಡ್ಡ ಜೆಟ್ಟನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ, ಅದಕ್ಕಿಂತ ಸಣ್ಣದನ್ನು ಕೂರಿಸಿದ, ಹೊಸ ಪ್ಲಗ್ಗು ತಿರುಗಿಸಿದ. ಕುಮಾರಿ ಹ್ಯಾಂಡಲಿಗೆ ಕೈ ಹಾಕಿದಳು. ಅವನು ಅವಳ ಕೈ ಸರಿಸಿ ಹೆಲ್ಮೆಟ್ ಇಸಿದುಕೊಂಡ.

"ಮೊದ್ಲು ನಾನು."

ಮಗ ಹೋದಂದಿನಿಂದ ಬೀರಯ್ಯ ರೇಸ್ ಗಾಡಿ ಹತ್ತಿರಲಿಲ್ಲ. ಕಿಕ್ ಹೊಡೆದ, ಮಂಜಿನೊಳಕ್ಕೆ ಹೋಗಿಬಿಟ್ಟ. ಆಮೇಲೆ ಬರೀ ಸದ್ದು. ಮೊದಲ ಸುತ್ತು, ಎರಡನೆಯ ಸುತ್ತು. ಮೂರನೆಯದರಲ್ಲಿ ನೇರ ದಾರಿಗೆ ಬಂದಾಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದ್ದು ಕುಮಾರಿಗೆ ಕೇಳಿಸಿತು. ಮೂರು ರೇಸಿನಲ್ಲಿ ಒಮ್ಮೆಯೂ ಅವಳ ಕೈಗೆ ಸಿಗದಿದ್ದ ಸದ್ದು ಅದು. ಅಷ್ಟರಲ್ಲಿ, ಆ ಸದ್ದು ಏರುತ್ತಿರುವಾಗಲೇ, ಫಕ್ಕನೆ ನಿಂತುಹೋಯಿತು.

ಬಣ್ಣ ಸರಿಯಾಗಿ ತಿಳಿಯಬೇಕಾದರೆ ಪೂರ್ತಿ ವೇಗದಲ್ಲಿ ಎಂಜಿನ್ ಆರಿಸಿ, ಆಗಲೇ ಪ್ಲಗ್ಗು ಬಿಚ್ಚಿ ನೋಡಬೇಕೆಂಬುದು ಅವಳಿಗೆ ಗೊತ್ತು. ಅಪ್ಪ ಅದನ್ನೇ ಮಾಡುತ್ತಿದ್ದಾನೆ ಎಂದೂ ಗೊತ್ತು. ಆದರೆ ಅಣ್ಣನ ಗಾಡಿ ನಿಂತದ್ದೂ ಹೀಗೆಯೇ. ಕುಮಾರಿ ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ತನ್ನ ಪ್ರತಿ ರೇಸಿನಲ್ಲೂ ಅಪ್ಪ ಬೇಲಿಯ ಪಕ್ಕ ಕಣ್ಣು ಮುಚ್ಚಿ ನಿಲ್ಲುತ್ತಿದ್ದದ್ದು ಯಾಕೆಂದು ಆ ನೂರು ಹೆಜ್ಜೆಯಲ್ಲಿ ಅವಳಿಗೆ ಪೂರ್ತಿ ಅರ್ಥವಾಯಿತು.

ಮಂಜಿನೊಳಗಿಂದ ಬೀರಯ್ಯ ಗಾಡಿ ತಳ್ಳಿಕೊಂಡು ಬಂದ. ಸ್ಟ್ಯಾಂಡ್ ಹಾಕಿ, ಪ್ಲಗ್ಗು ಬಿಚ್ಚಿ, ಬಟ್ಟೆಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮಗಳ ಕಡೆ ಚಾಚಿದ. ಈ ಸಲ ಮುಖ ನೋಡಿಯೇ ಹೇಳಿದ.

"ಸರ್ಯಾಗಿ ಅದೆ ಕಣಮ್ಮಿ. ನೀನೂ ನೋಡು ಬಣ್ಣವ."

ಕುಮಾರಿ ಪ್ಲಗ್ಗಿನ ಕಡೆ ತಿರುಗಲಿಲ್ಲ. ಅಪ್ಪನ ತಲೆಯಿಂದ ಹೆಲ್ಮೆಟ್ ಬಿಚ್ಚಿಕೊಂಡು ತಾನು ಹಾಕಿಕೊಂಡಳು.

"ಅದ್ಯಾಕೆ ನೋಡನ? ನೀ ವಾಪಸ್ ಬಂದ್ಯಲ್ಲ."